ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಕೊಡಗಿನ ಮಳೆ ಮತ್ತು ಪಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ತೋಟಕ್ಕೂ ಮನೆಗೂ ಒಂದೇ ಗಾಡಿ ಓಡಿಸುವವರು ಬಹಳ. ಅದರಲ್ಲಿ ಎಷ್ಟೋ ಜನ ತೆಗೆದುಕೊಂಡಿರುವುದು ಹಳೆ ಡೀಸೆಲ್ ಗಾಡಿ. ಎಂಜಿನ್ ಗಟ್ಟಿ, ಏರು ಹತ್ತುತ್ತದೆ, ಮೈಲೇಜ್ ಕೊಡುತ್ತದೆ. ಕೈ ಕೊಡುವುದು ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್. ಅದು ಹೋದರೆ ಗಾಡಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಮತ್ತೆ ರಿಪೇರಿಗೇ ಹೋಗುತ್ತದೆ. ಆದರೆ ಪಂಪ್ ಸುಮ್ನೆ ಹಾಳಾಗುವುದಿಲ್ಲ. ಹೆಚ್ಚಿನ ಸಲ ನೀರು, ಕಸ, ಗಾಳಿ ಇವುಗಳಲ್ಲಿ ಒಂದು ಒಳಗೆ ಹೋಗಿರುತ್ತದೆ. ಮೂರನ್ನೂ ನಾವು ತಡೆಯಬಹುದು.

ಡೀಸೆಲ್ ಪಂಪ್ ಅಂದರೆ ಯಾವುದು? ಒಂದೇ ಇರುತ್ತಾ?

ಈಗಿನ ಕಾಮನ್ ರೈಲ್ ಕಾರುಗಳಲ್ಲಿ (ರೈಲ್ ಅಂದರೆ ಎಲ್ಲಾ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಒಂದೇ ಗಟ್ಟಿ ಪೈಪ್, ಇಂಜೆಕ್ಟರ್ ಅಂದರೆ ಡೀಸೆಲ್ಲನ್ನು ಎಂಜಿನ್ ಒಳಗೆ ಚಿಮ್ಮಿಸುವ ಭಾಗ) ಎರಡು ಹಂತ. ಮೊದಲನೆಯದು ಟ್ಯಾಂಕಿನಿಂದ ಡೀಸೆಲ್ ಎತ್ತಿ ಫಿಲ್ಟರ್ ದಾಟಿಸಿ ಮುಂದಕ್ಕೆ ಕೊಡುವುದು. ಕೆಲವು ಕಾರುಗಳಲ್ಲಿ ಇದಕ್ಕೆ ಟ್ಯಾಂಕಿನೊಳಗೇ ಒಂದು ಕರೆಂಟ್ ಪಂಪ್ ಇರುತ್ತದೆ, ಕೆಲವುಗಳಲ್ಲಿ ಮುಂದಿನ ದೊಡ್ಡ ಪಂಪೇ ಎಳೆದುಕೊಳ್ಳುತ್ತದೆ. ಎರಡನೆಯದು ಎಂಜಿನ್ ಪಕ್ಕದಲ್ಲಿರುವ ಹೈ ಪ್ರೆಶರ್ ಪಂಪ್. ಸ್ವಿಫ್ಟ್, ರಿಟ್ಜ್, ವಿಸ್ಟಾಗಳಲ್ಲಿ ಬರುತ್ತಿದ್ದ 1.3 ಲೀಟರ್ ಮಲ್ಟಿಜೆಟ್ ಎಂಜಿನ್‌ನಲ್ಲಿ ಈ ಪ್ರೆಶರ್ ಸುಮಾರು 1,600 ಬಾರ್ ವರೆಗೆ ಹೋಗುತ್ತದೆ. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಲೆಕ್ಕ ಹಾಕಿ.

ಹಳೆ ಜೀಪು, ಹಳೆ ಬೊಲೆರೋಗಳಲ್ಲಿ ಮೆಕ್ಯಾನಿಕಲ್ ಪಂಪ್. ಪ್ರೆಶರ್ ಕಡಿಮೆ, ಸ್ವಲ್ಪ ಕಸ ತಡೆದುಕೊಳ್ಳುತ್ತದೆ. ನೀರಿಗೆ ಮಾತ್ರ ಅದೂ ತುಕ್ಕು ಹಿಡಿಯುತ್ತದೆ.

ನೀರು ಹೋದರೆ ಪಂಪ್ ಯಾಕೆ ಹಾಳಾಗಬೇಕು? ಉರಿಯದೆ ಹೊಗೆ ಬರುತ್ತದೆ, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಈ ಹೈ ಪ್ರೆಶರ್ ಪಂಪಿನೊಳಗೆ ಬೇರೆ ಆಯಿಲ್ ಇಲ್ಲ. ಅದರ ಮೂಲಕ ಹರಿಯುವ ಡೀಸೆಲ್ಲೇ ಅದಕ್ಕೆ ಆಯಿಲ್, ಅದೇ ಅದನ್ನು ತಂಪಾಗಿಯೂ ಇಡುವುದು. ಡೀಸೆಲ್ ಜಾಗಕ್ಕೆ ನೀರು ಬಂದ ಕ್ಷಣ ಲೋಹಕ್ಕೆ ಲೋಹ ಉಜ್ಜುತ್ತದೆ. ಉಜ್ಜಿದಾಗ ಎದ್ದ ಪುಡಿ ಪಂಪಿನಲ್ಲೇ ನಿಲ್ಲುವುದಿಲ್ಲ, ರೈಲಿಗೆ ಹೋಗುತ್ತದೆ, ಇಂಜೆಕ್ಟರಿಗೆ ಹೋಗುತ್ತದೆ, ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೂ ಹೋಗುತ್ತದೆ. ಒಂದು ಪಂಪಿನ ಕೆಲಸ ಅಂತ ಗ್ಯಾರೇಜಿಗೆ ಬಿಟ್ಟ ಗಾಡಿಗೆ ಕೊನೆಗೆ ನಾಲ್ಕು ಇಂಜೆಕ್ಟರ್ ಸೇರಿಸಿ ಲಕ್ಷ ದಾಟಿದ ಬಿಲ್ ಬರುವುದು ಹೀಗೆ.

ಕೊಡಗಿನಲ್ಲಿ ನೀರಿನ ತೊಂದರೆ ನಿಜಕ್ಕೂ ಜಾಸ್ತಿಯಾ?

ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅದೇ ಗಾಳಿ ಟ್ಯಾಂಕಿನ ಖಾಲಿ ಜಾಗದಲ್ಲೂ ಇರುತ್ತದೆ. ಗಾಡಿ ಓಡಿದಾಗ ಎಂಜಿನ್‌ನಿಂದ ವಾಪಸ್ ಬರುವ ಡೀಸೆಲ್ ಬಿಸಿಯಾಗಿರುತ್ತದೆ, ರಾತ್ರಿ ಶೆಡ್ಡಿನಲ್ಲಿ ಟ್ಯಾಂಕ್ ತಣ್ಣಗಾಗುತ್ತದೆ, ಒಳಗಿನ ತೇವ ಹನಿಯಾಗಿ ಗೋಡೆಗೆ ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ಪಂಪ್ ಡೀಸೆಲ್ ಎಳೆಯುವುದೂ ತಳದ ಹತ್ತಿರದಿಂದಲೇ. ಇದರ ಜೊತೆಗೆ ಕ್ಯಾನಿನಲ್ಲಿ ತಂದು ಹಾಕುವ ಅಭ್ಯಾಸ, ತೋಟದ ಬ್ಯಾರೆಲ್, ಮಳೆಯಲ್ಲೇ ಮುಚ್ಚಳ ತೆಗೆದು ತುಂಬಿಸುವುದು ಎಲ್ಲಾ ಸೇರುತ್ತದೆ.

ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಕಪ್ಪಗೆ, ಲೋಳೆ ಲೋಳೆಯಾದ ಕೆಸರು. ಫಿಲ್ಟರ್ ಹಾಕಿ ಕೆಲವೇ ವಾರಕ್ಕೆ ಮತ್ತೆ ಕಟ್ಟಿಕೊಂಡರೆ ಇದರ ಮೇಲೆ ಅನುಮಾನ ಪಡಿ. ಆಗ ಟ್ಯಾಂಕ್ ಇಳಿಸಿ ತೊಳೆಯುವುದೇ ದಾರಿ.

ಫಿಲ್ಟರಿನ ನೀರು ತೆಗೆಯುವುದು ಹೇಗೆ? ನಾವೇ ಮಾಡಬಹುದಾ?

ಮಾಡಬಹುದು. ಇಡೀ ಪುಟದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ತೆಗೆಯುವುದು ಒಳ್ಳೆಯದು, ನೀರು ತಳದಲ್ಲಿ ಕೂತಿರುತ್ತದೆ. ಫಿಲ್ಟರಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಕ್ರೂ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೇ ಸೆನ್ಸರ್ ವೈರ್ ಕೂಡ ಹೋಗಿರುತ್ತದೆ, ಅದನ್ನು ಮೊದಲು ಬಿಚ್ಚಿಕೊಳ್ಳಿ. ಸ್ಕ್ರೂ ತುದಿಗೆ ಸಣ್ಣ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಜಿನ ಜಾರಿಗೆ ಬಿಡಿ. ಒಂದೆರಡು ಸುತ್ತು ಸಡಿಲಿಸಿ, ಅರ್ಧ ಲೋಟದಷ್ಟು ಇಳಿಯಲಿ. ಇಳಿಯದಿದ್ದರೆ ಮೇಲಿನ ಹ್ಯಾಂಡ್ ಪ್ರೈಮರ್, ಅಂದರೆ ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಸಣ್ಣ ಪಂಪ್, ಒತ್ತಿ.

ಈಗ ಆ ಜಾರನ್ನು ಹತ್ತು ನಿಮಿಷ ಕಿಟಕಿಯ ಬೆಳಕಿಗೆ ಇಡಿ. ಮೇಲೆ ತಿಳಿ ಹಳದಿ ಡೀಸೆಲ್. ಕೆಳಗೆ ನೀರಿದ್ದರೆ ಎರಡರ ನಡುವೆ ಸ್ಪಷ್ಟವಾದ ಗೆರೆ ಕಾಣುತ್ತದೆ, ಜಾರು ಓರೆ ಮಾಡಿದರೆ ನೀರು ಉಂಡೆ ಉಂಡೆಯಾಗಿ ತಳದಲ್ಲಿ ಉರುಳುತ್ತದೆ. ಕಂದು ಬಣ್ಣದ ನೀರಾದರೆ ಎಲ್ಲೋ ತುಕ್ಕು ಶುರುವಾಗಿದೆ. ಬೆಳಕಿನಲ್ಲಿ ಮಿಣ ಮಿಣ ಹೊಳೆಯುವ ಸಣ್ಣ ಚೂರು ಕಂಡರೆ ಲೋಹ. ಹೊಳೆಯುವ ಚೂರು ಕಂಡ ಮೇಲೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಕರೆಯಿರಿ.

ಮುಗಿದ ಮೇಲೆ ಸ್ಕ್ರೂ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಪ್ರೈಮರ್ ಗಟ್ಟಿಯಾಗುವ ತನಕ ಒತ್ತಿ. ಪ್ರೈಮರ್ ಇಲ್ಲದೆ ಟ್ಯಾಂಕಿನಲ್ಲಿ ಪಂಪ್ ಇರುವ ಗಾಡಿಯಾದರೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿ. ಹೀಗೆ ಮೂರು ನಾಲ್ಕು ಸಲ, ಆಮೇಲೆ ಸ್ಟಾರ್ಟ್. ತೆಗೆದ ಡೀಸೆಲ್ಲನ್ನು ತೋಡಿಗೋ ಕಾಫಿ ಬುಡಕ್ಕೋ ಚೆಲ್ಲಬೇಡಿ.

ಕೆಲವು ಕಾರುಗಳಲ್ಲಿ ಈ ಸ್ಕ್ರೂ ಇರುವುದಿಲ್ಲ. ಅಂಥವುಗಳಲ್ಲಿ ಫಿಲ್ಟರ್ ಬದಲಿಸುವುದೊಂದೇ ಉಪಾಯ.

ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು?

ಮಳೆ ಶುರುವಾಗುವ ಮೊದಲು ಒಮ್ಮೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಮತ್ತೊಮ್ಮೆ. ಬೇಸಿಗೆಯಲ್ಲಿ ಸರ್ವಿಸ್ ಹೊತ್ತಿಗೆ ನೋಡಿದರೆ ಸಾಕು.

ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಗಾಡಿಯ ಪುಸ್ತಕದಲ್ಲಿರುವುದು ಕಂಪನಿ ಲೆಕ್ಕ. ಧೂಳು, ತೇವ ಜಾಸ್ತಿ ಇರುವ ಕಡೆ ಬೇಗ ಬದಲಿಸಿ ಅಂತ ಅದರಲ್ಲೇ ಬರೆದಿರುತ್ತದೆ, ಆ ಸಾಲನ್ನು ಯಾರೂ ಓದುವುದಿಲ್ಲ. ನನ್ನ ಮಾತು ಕೇಳುವುದಾದರೆ, ಪುಸ್ತಕದಲ್ಲಿ 40,000 ಇದ್ದರೆ ಇಲ್ಲಿ 20,000ಕ್ಕೆ ಬದಲಿಸಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ. ಸೆಕೆಂಡ್ ಹ್ಯಾಂಡ್ ಗಾಡಿ ತಂದ ವಾರದಲ್ಲೇ ಹೊಸ ಫಿಲ್ಟರ್ ಹಾಕಿಸಿ, ಹಿಂದಿನವರು ಈಗಷ್ಟೇ ಹಾಕಿಸಿದ್ದೇವೆ ಅಂದರೂ.

ಡೂಪ್ಲಿಕೇಟ್ ಫಿಲ್ಟರ್ ಬೇಡ. ಅದರಲ್ಲಿ ಉಳಿಯುವುದು ಕೆಲವು ನೂರು ರೂಪಾಯಿ. ಒಳ್ಳೆಯ ಕಾಗದ ಮೈಕ್ರಾನ್ ಲೆಕ್ಕದ ಕಸ ಹಿಡಿಯುತ್ತದೆ, ನೀರನ್ನೂ ಬೇರ್ಪಡಿಸುತ್ತದೆ. ಅಗ್ಗದ್ದು ಎರಡನ್ನೂ ಬಿಟ್ಟುಬಿಡಬಹುದು. ಇನ್ನೊಂದು ವಿಷಯ. ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರಾದರೆ, ಕ್ಯಾನಿನ ಡೀಸೆಲ್ಲನ್ನು ಅದರ ನಡುವಿನ ತೂತಿಗೆ ಸುರಿದು ಹಾಕುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಸಾಮಾನ್ಯವಾಗಿ ಆ ತೂತು ಸೋಸಿದ ಮೇಲಿನ ಕಡೆ. ಅಲ್ಲಿ ಸುರಿದ ಕಸ ನೇರ ಪಂಪಿಗೆ. ಪ್ರೈಮರ್ ಒತ್ತಿಯೇ ತುಂಬಿಸಲು ಹೇಳಿ, ಪಕ್ಕದಲ್ಲೇ ನಿಂತು ನೋಡಿ.

ಹಳದಿ ಫಿಲ್ಟರ್ ಲೈಟ್ ಬಂತು. ಮನೆ ತನಕ ಓಡಿಸಬಹುದಾ?

ಫಿಲ್ಟರಿನ ಚಿತ್ರ, ಕೆಳಗೆ ಹನಿಗಳು. ಅದು ನೀರಿನ ಎಚ್ಚರಿಕೆ. ಕೀ ಆನ್ ಮಾಡಿದಾಗ ಬಂದು ಆರಿಹೋದರೆ ಸರಿಯಾಗಿದೆ ಅಂತ ಅರ್ಥ. ಓಡುವಾಗ ಬಂದರೆ ಆದಷ್ಟು ಬೇಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನೀರು ತೆಗೆಸಿ, ಆಮೇಲೆ ಓಡಿಸಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಬಂದರೆ ಅಲ್ಲೇ ನಿಲ್ಲಿಸಿ ಅಂತ ಹೇಳುವುದಿಲ್ಲ, ಜಾಗ ಸಿಗುವ ತನಕ ನಿಧಾನ ಹೋಗಿ. ನಾಳೆ ನೋಡೋಣ ಅಂತ ಮೈಸೂರಿಗೆ ಹೋಗಿಬರಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕೀ ಆನ್ ಮಾಡಿದರೂ ಈ ಲೈಟ್ ಬರುವುದೇ ಇಲ್ಲ ಅಂದರೆ ಯಾರೋ ವೈರ್ ಕಿತ್ತಿರಬಹುದು. ಹುಷಾರು.

ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇರಬೇಕು?

ಕಾಲು ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ, ಮಳೆಗಾಲದಲ್ಲಿ ಅರ್ಧಕ್ಕಿಂತ ಮೇಲಿದ್ದರೆ ಇನ್ನೂ ಒಳ್ಳೆಯದು. ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ. ಇನ್ನೊಂದು ಕಾರಣವೂ ಇದೆ. ನಮ್ಮ ರಸ್ತೆಯಲ್ಲಿ ಸಮತಟ್ಟು ಕಡಿಮೆ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಅಥವಾ ಮಾಕುಟ್ಟ ಘಾಟಿ ಇಳಿಯುವಾಗ ಇರುವ ಚೂರು ಡೀಸೆಲ್ ಟ್ಯಾಂಕಿನ ಒಂದು ಮೂಲೆಗೆ ಸರಿಯುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಗಾಳಿ ಎಳೆದ ಪಂಪ್ ಒಣಗಿ ತಿರುಗುತ್ತದೆ.

ತೋಟದ ಬ್ಯಾರೆಲ್ ಡೀಸೆಲ್ ಕಾರಿಗೆ ಹಾಕಬಹುದಾ?

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಎಂಜಿನ್ನಿಗೆ ಅಂತ ತಂದು ಉಳಿದ ಡೀಸೆಲ್ ಎಷ್ಟೋ ತೋಟಗಳಲ್ಲಿ ಇರುತ್ತದೆ. ಸ್ಪ್ರಿಂಕ್ಲರ್ ಎಂಜಿನ್ ಅದನ್ನು ಹೇಗೋ ಕುಡಿಯುತ್ತದೆ, ಕಾಮನ್ ರೈಲ್ ಕಾರು ಕುಡಿಯುವುದಿಲ್ಲ. ನನ್ನ ಸಲಹೆ, ಹಾಕಬೇಡಿ.

ಕಾರಣ ಹೇಳುತ್ತೇನೆ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್ಲಿನ ತಲೆಯ ಮೇಲೆ ಮಳೆ ನೀರು ನಿಲ್ಲುತ್ತದೆ, ಮುಚ್ಚಳ ಆ ನೀರಿನಲ್ಲೇ ಮುಳುಗಿರುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಉಬ್ಬಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಎಳೆಯುವುದು ಗಾಳಿಯನ್ನಲ್ಲ, ಮುಚ್ಚಳದ ಸುತ್ತ ನಿಂತ ನೀರನ್ನು. ಇಡಲೇಬೇಕಾದರೆ ಮಾಡಿನ ಕೆಳಗೆ, ಅಡ್ಡ ಮಲಗಿಸಿ, ಎರಡೂ ಮುಚ್ಚಳ ಅಡ್ಡ ಸಾಲಿನಲ್ಲಿ ಬರುವಂತೆ ಇಡಿ. ಆಗ ಮುಚ್ಚಳದ ಒಳಗಡೆ ಡೀಸೆಲ್ ಇರುತ್ತದೆ, ಹೊರಗೆ ನೀರು ನಿಲ್ಲುವುದಿಲ್ಲ.

ಬಂಕ್‌ನಲ್ಲಿ ಏನು ನೋಡಬೇಕು?

ಅನುಮಾನ ಬಂದರೆ ಡೆನ್ಸಿಟಿ ಕೇಳಿ. ಜಾರು, ಹೈಡ್ರೋಮೀಟರ್, ಥರ್ಮಾಮೀಟರ್ ಬಂಕ್‌ನಲ್ಲಿ ಇರಬೇಕು, ಗ್ರಾಹಕರು ಕೇಳಿದರೆ ತೋರಿಸಬೇಕು. ಅಳೆದದ್ದನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿ, ದಾಖಲೆಯಲ್ಲಿರುವ ಡೆನ್ಸಿಟಿಗೆ ಹೋಲಿಸುತ್ತಾರೆ. ಘನ ಮೀಟರಿಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಡೀಸೆಲ್ ಬೇಡ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಉರಿಯುತ್ತದೆ, ಆದರೆ ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ. ಟ್ಯಾಂಕರ್ ಆಗ ತಾನೇ ಇಳಿಸುತ್ತಿದ್ದರೆ ಮುಂದಿನ ಬಂಕ್‌ಗೆ ಹೋಗಿ, ನೆಲದಡಿಯ ಟ್ಯಾಂಕಿನ ತಳದ ಕಸ ಕದಡಿರುತ್ತದೆ. ಬಿಲ್ ಯಾವತ್ತೂ ಇಟ್ಟುಕೊಳ್ಳಿ. ನಾಳೆ ಮಾತು ಬಂದರೆ ಅದೊಂದೇ ಸಾಕ್ಷಿ.

ಎಥನಾಲ್ ಬಗ್ಗೆ ಹೆದರಿ ಕೇಳುವವರೂ ಇದ್ದಾರೆ. ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸುವುದು, ಪೆಟ್ರೋಲ್ ವಿಷಯ.

ಬಿಎಸ್6 ಡೀಸೆಲ್‌ನಿಂದ ಹಳೆ ಪಂಪ್ ಸವೆಯುತ್ತದಂತೆ, ನಿಜವಾ? 2ಟಿ ಆಯಿಲ್ ಬೆರೆಸಬೇಕಾ?

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್6 ಡೀಸೆಲ್, ಅಂದರೆ ಹೊಗೆಯ ಹೊಸ ನಿಯಮಕ್ಕೆ ಹೊಂದುವ ಡೀಸೆಲ್. ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಿಡ್ಡೂ ಕಡಿಮೆಯಾಗುತ್ತದೆ, ಆ ಮಟ್ಟಿಗೆ ಮಾತು ನಿಜ. ಆದರೆ ಅದಕ್ಕೆ ಬೇಕಾದ ಜಿಡ್ಡಿನ ಅಂಶವನ್ನು ಎಣ್ಣೆ ಕಂಪನಿಗಳೇ ಸೇರಿಸುತ್ತವೆ, ಎಷ್ಟು ಸವೆತ ಆಗಬಹುದು ಅಂತ ಭಾರತೀಯ ಮಾನಕದಲ್ಲೇ ಮಿತಿ ಇದೆ. 2ಟಿ ಆಯಿಲ್, ಅಂದರೆ ಟು ಸ್ಟ್ರೋಕ್ ಬೈಕಿನ ಆಯಿಲ್, ಬೇಡ. ಸೈಲೆನ್ಸರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗಂತೂ ಖಂಡಿತ ಬೇಡ, ಅದರ ಬೂದಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಹಾಕುವ ದುಡ್ಡನ್ನು ಫಿಲ್ಟರಿಗೆ ಹಾಕಿ.

ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ಪಂಪ್ ಹೋಯಿತಾ?

ಹೆಚ್ಚಿನ ಸಲ ಇಲ್ಲ. ಇಲ್ಲೇ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು. ಅಗ್ಗದ ಕಾರಣಗಳಿಂದ ಶುರು ಮಾಡಿ.

ಮೊದಲು ಬ್ಯಾಟರಿ. ಡಿಸೆಂಬರ್ ಚಳಿಯಲ್ಲಿ ಬ್ಯಾಟರಿ ಸೋತರೆ ಎಂಜಿನ್ ನಿಧಾನ ತಿರುಗುತ್ತದೆ, ರೈಲಿನಲ್ಲಿ ಪ್ರೆಶರ್ ಏರುವುದಿಲ್ಲ. ಹೀಟರ್ ಪ್ಲಗ್ ಕೂಡ ನೋಡಿಸಿ. ಆಮೇಲೆ ಗಾಳಿ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ರಬ್ಬರ್ ಪೈಪು ಹತ್ತು ವರ್ಷದ ಗಾಡಿಯಲ್ಲಿ ಗಟ್ಟಿಯಾಗಿ ಸೀಳಿರುತ್ತದೆ, ಇಲ್ಲದಿದ್ದರೆ ಇಲಿ ಕಡಿದಿರುತ್ತದೆ. ಕಾಫಿ, ಭತ್ತ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವವರು ಇದನ್ನು ಮೊದಲು ನೋಡಿ. ಡೀಸೆಲ್ ಸೋರದೆಯೂ ಪೈಪ್ ಗಾಳಿ ಎಳೆಯಬಹುದು. ಒಂದು ತುಂಡು ಪಾರದರ್ಶಕ ಪೈಪ್ ನಡುವೆ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಆಮೇಲೆ ಫಿಲ್ಟರ್.

ಇಷ್ಟೂ ಸರಿ ಇದ್ದರೆ ಸ್ಕ್ಯಾನರ್ ಹಾಕಿಸಿ. ಪಿ0087 ಕೋಡ್ ಬಂದರೆ ರೈಲ್ ಪ್ರೆಶರ್ ಸಾಲುತ್ತಿಲ್ಲ ಅಂತ ಅರ್ಥ, ಪಂಪ್ ಹೋಯಿತು ಅಂತ ಅಲ್ಲ. ಇಂಜೆಕ್ಟರಿನ ರಿಟರ್ನಿಗೆ ಬಾಟಲಿ ಕಟ್ಟಿ ಯಾವುದು ಜಾಸ್ತಿ ವಾಪಸ್ ಬಿಡುತ್ತದೆ ನೋಡಿಸಿ, ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಕಳ್ಳ ಆ ಇಂಜೆಕ್ಟರ್. ಪಂಪಿನ ಮೇಲಿರುವ, ಎಷ್ಟು ಡೀಸೆಲ್ ಒಳಗೆ ಬಿಡಬೇಕು ಅಂತ ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಒಂದೇ ಹೋಗಿರುವುದೂ ಉಂಟು, ಬಹಳ ಗಾಡಿಗಳಲ್ಲಿ ಅದು ಬೇರೆಯಾಗಿ ಸಿಗುತ್ತದೆ.

ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ.

ಜೀಪಿಗೆ ಮಾಡುವ ಹಾಗೆ ನಟ್ ಸಡಿಲಿಸಿ ಏರ್ ತೆಗೆಯಬಹುದಾ?

ಕಾಮನ್ ರೈಲ್ ಗಾಡಿಯಲ್ಲಿ ಬೇಡವೇ ಬೇಡ. ಎಂಜಿನ್ ಓಡುವಾಗ ಇಂಜೆಕ್ಟರಿಗೆ ಹೋಗುವ ಹೈ ಪ್ರೆಶರ್ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳು ಕಳೆದುಕೊಳ್ಳುವಷ್ಟು ಹಾನಿ. ನೋವು ಕಡಿಮೆ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಡೀಸೆಲ್ ಚುಚ್ಚಿದೆ ಅಂತಲೇ ಹೇಳಬೇಕು. ಸೋರುವುದು ಎಲ್ಲಿ ಅಂತ ಕೈ ಆಡಿಸಿ ಹುಡುಕಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಪಂಪ್ ಚೆನ್ನಾಗಿದೆ ಅಂತ ತಿಳಿಯುವುದು ಹೇಗೆ?

ಬೆಳಿಗ್ಗೆ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಅವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಗಾಡಿ ಒಂದೆರಡು ಸೆಕೆಂಡಿನಲ್ಲಿ ಹಿಡಿಯಬೇಕು. ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಹೊಡೆಯಿರಿ, ಯಾಕೆಂದರೆ ಸವೆದ ಪಂಪ್ ಮತ್ತು ಇಂಜೆಕ್ಟರ್ ಕೈಕೊಡುವುದು ಹೆಚ್ಚಾಗಿ ಬಿಸಿಯಲ್ಲಿ, ಡೀಸೆಲ್ ತೆಳುವಾದಾಗ. ಆಮೇಲೆ ನಾಲ್ಕು ಜನ ಕೂತು ಒಂದು ಒಳ್ಳೆಯ ಏರು ಹತ್ತಿಸಿ. ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಎಳೆತ ನಿಂತು ಎಂಜಿನ್ ಲೈಟ್ ಬಂದರೆ ಮಾತು ಅಲ್ಲಿಗೇ ಮುಗಿಸಿ.

ಫಿಲ್ಟರಿನ ಡಬ್ಬಿ ನೋಡಿ. ಸುತ್ತ ಒದ್ದೆ ಇದೆಯಾ, ಬೋಲ್ಟಿನ ತಲೆ ಸವೆದಿದೆಯಾ? ಪದೇ ಪದೇ ಬಿಚ್ಚಿದ್ದರೆ ಯಾಕೆ ಅಂತ ಕೇಳಿ. ಮುಂಗಡ ಕೊಡುವ ಮೊದಲು ಫಿಲ್ಟರಿನಿಂದ ಅರ್ಧ ಲೋಟ ಡೀಸೆಲ್ ತೆಗೆದು ಜಾರಿನಲ್ಲಿ ನೋಡೋಣ ಅನ್ನಿ. ಒಪ್ಪದವರ ಗಾಡಿ ನನಗಂತೂ ಬೇಡ.

ನೆರೆಯಲ್ಲಿ ಮುಳುಗಿದ ಗಾಡಿಯ ವಿಷಯ ಬೇರೆಯೇ. 2018 ಮತ್ತು 2019ರ ಆಗಸ್ಟ್ ಮಳೆ ನಮಗೆಲ್ಲ ನೆನಪಿದೆ. ಮುಳುಗಿದ ಗಾಡಿಯ ಟ್ಯಾಂಕಿಗೆ ಗಾಳಿಯಾಡುವ ಪೈಪಿನಿಂದಲೇ ಕೆಸರು ನೀರು ಹೋಗಿರುತ್ತದೆ, ಪಂಪ್ ಒಳಗೆ ತುಕ್ಕು ಹಿಡಿದು ತಿಂಗಳುಗಳ ಮೇಲೆ ತೊಂದರೆ ಶುರುವಾಗುತ್ತದೆ. ಸೀಟ್ ಬೆಲ್ಟ್ ಕೊನೆ ತನಕ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿ, ಸ್ಟೆಪ್ನಿ ಇಡುವ ಗುಂಡಿ ಕೂಡ ನೋಡಿ. ಕೊಡಗಿನ ಕೆಎ 12 ನಂಬರಿನ ಗಾಡಿ ಮಾತ್ರ ಅಲ್ಲ, ಹೊರಗಿನಿಂದ ಬಂದದ್ದನ್ನೂ ಹೀಗೇ ನೋಡಿ.

ನಾವಿರುವುದು ಬೆಂಗಳೂರಿನಲ್ಲಿ. ಗಾಡಿ ಊರಿನ ಮನೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಏನು ಮಾಡಲಿ?

ಹೊರಡುವ ಮೊದಲು ಟ್ಯಾಂಕ್ ತುಂಬಿಸಿ. ಮುಚ್ಚಳದ ರಬ್ಬರ್ ಸೀಳಿಲ್ಲ ತಾನೇ ನೋಡಿ. ಮನೆಯವರಿಗೆ ಎರಡು ವಾರಕ್ಕೊಮ್ಮೆ ಐದಾರು ಕಿಲೋಮೀಟರ್ ಓಡಿಸಲು ಹೇಳಿ, ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿದರೆ ಪ್ರಯೋಜನವಿಲ್ಲ. ಪುತ್ತರಿ ಹಬ್ಬಕ್ಕೆ ಬಂದಾಗ ಮೊದಲು ಫಿಲ್ಟರಿನ ನೀರು ತೆಗೆಯಿರಿ, ಆಮೇಲೆ ಕೀ ತಿರುಗಿಸಿ.

ತಪ್ಪಿ ಪೆಟ್ರೋಲ್ ಹಾಕಿಬಿಟ್ಟರು. ಏನು ಗತಿ?

ಕೀ ಆನ್ ಕೂಡ ಮಾಡಬೇಡಿ. ಆನ್ ಮಾಡಿದರೆ ಟ್ಯಾಂಕಿನ ಪಂಪ್ ಅದನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಸ್ವಲ್ಪವೇ ಅಲ್ವಾ, ಮೇಲೆ ಡೀಸೆಲ್ ತುಂಬಿಸಿ ಅನ್ನುವವರ ಮಾತು ಕೇಳಬೇಡಿ.

ಕೆಲವು ಹೊಸ ಗಾಡಿಗಳಲ್ಲಿ ಆಡ್‌ಬ್ಲೂ ಅಂತ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇರುತ್ತದೆ. ಅದು ನೀರು ಮತ್ತು ಯೂರಿಯಾ. ಡೀಸೆಲ್ ಟ್ಯಾಂಕಿಗೆ ಹೋದರೆ ಪೆಟ್ರೋಲ್‌ಗಿಂತ ಕೆಟ್ಟದು, ಒಣಗಿ ಹರಳುಗಟ್ಟುತ್ತದೆ.

ಪಂಪ್ ಹೋಗಿಯೇ ಬಿಟ್ಟಿದೆ. ಮೆಕ್ಯಾನಿಕ್ ಹತ್ತಿರ ಏನು ಕೇಳಬೇಕು?

ಹಳೆ ಫಿಲ್ಟರನ್ನು ನಿಮ್ಮೆದುರೇ ಕತ್ತರಿಸಿ ಕಾಗದ ಬಿಡಿಸಲು ಹೇಳಿ. ಮಡಿಕೆಗಳಲ್ಲಿ ಬೆಳ್ಳಿ ಪುಡಿಯಂಥದ್ದು ಕಂಡರೆ ಲೋಹ ಟ್ಯಾಂಕ್ ತನಕ ಸುತ್ತಿ ಬಂದಿದೆ. ಆಗ ಪಂಪ್ ಮಾತ್ರ ಬದಲಿಸಿದರೆ ಹೊಸ ಪಂಪೂ ಬೇಗ ಹೋಗುತ್ತದೆ. ಟ್ಯಾಂಕ್ ಇಳಿಸಿ ತೊಳೆಯಬೇಕು, ಪೈಪ್ ಊದಬೇಕು, ರೈಲ್ ನೋಡಬೇಕು, ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚಿಗೆ ಕಳಿಸಬೇಕು. ಪುಡಿ ಇಲ್ಲದೆ ಬರೀ ಸೀಲ್ ಅಥವಾ ವಾಲ್ವ್ ಹೋಗಿದ್ದರೆ ಇಷ್ಟೆಲ್ಲ ಬೇಡ, ಒಳ್ಳೆಯ ಪಂಪ್ ಸರ್ವಿಸ್ ಅಂಗಡಿಯಲ್ಲಿ ರಿಪೇರಿಯಾಗುತ್ತದೆ.

ಗುಜರಿಯಿಂದ ತಂದ ಪಂಪ್ ಬೇಡ, ಅದರ ಒಳಗೆ ಎಷ್ಟು ನೀರು ಹೋಗಿತ್ತೋ ಯಾರಿಗೆ ಗೊತ್ತು. ಇಂಜೆಕ್ಟರ್ ಬದಲಿಸಿದರೆ ಅದರ ಮೇಲಿನ ಕೋಡನ್ನು ಕಂಪ್ಯೂಟರಿಗೆ ಹಾಕಿದ್ದಾರಾ ಕೇಳಿ, ಆ ಕೋಡ್ ಬೇಕಾದ ಗಾಡಿಗಳಲ್ಲಿ ಅದಿಲ್ಲದೆ ಓಟ ಒರಟಾಗುತ್ತದೆ. ಟೆಸ್ಟ್ ಬೆಂಚಿನ ಚೀಟಿ, ಹಳೆ ಪಂಪ್, ಹಳೆ ಇಂಜೆಕ್ಟರ್ ಎಲ್ಲವನ್ನೂ ವಾಪಸ್ ಕೇಳಿ ತೆಗೆದುಕೊಳ್ಳಿ, ವಾರಂಟಿಯನ್ನು ಬಿಲ್ಲಿನಲ್ಲೇ ಬರೆಸಿ.